ಟಾಕಿಗೆ ಸುರಿಯುವ ಬಾಟಲಿ: ಯಾವುದು ಔಷಧ, ಯಾವುದು ಬರೀ ಸೀಮೆಎಣ್ಣೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಜೆಕ್ಟರ್ ಕ್ಲೀನರ್, ಅಂದರೆ ಎಂಜಿನ್ನಿಗೆ ಇಂಧನ ಚಿಮ್ಮುವ ಇಂಜೆಕ್ಟರಿನ ಕೊಳೆ ತೆಗೆಯಲೆಂದು ಟಾಕಿಗೆ ಸುರಿಯುವ ದ್ರವದ ಬಗ್ಗೆಯೇ ಇವೆ. ಆರನ್ನು ಆರಿಸಿಕೊಂಡಿದ್ದೇವೆ. ‘ಸುಮ್ನ ಒಂದು ಕಂಪನಿ ಹೆಸರು ಹೇಳ್ರಿ’ ಎಂದು ಬರೆದವರಿಗೆ ಮೊದಲೇ ಹೇಳಿಬಿಡುತ್ತೇವೆ: ಹೆಸರು ಹೇಳುವುದಿಲ್ಲ, ಬಾಟಲಿ ಓದುವುದು ಹೇಗೆಂದು ಹೇಳುತ್ತೇವೆ. ಲೇಬಲ್ ಅದೇ ಇದ್ದು ಒಳಗಿನ ಮಾಲು ಬದಲಾಗುವುದುಂಟು.

ನಂದು 2019ರ ಪೆಟ್ರೋಲ್ ಸ್ವಿಫ್ಟ್, 78,000 ಕಿ.ಮೀ. ಓಡೇತಿ. ಮುಂಜಾನೆ ಚಾಲೂ ಮಾಡಿದ್ರ ಎರಡು ಮಿನಿಟು ನಡುಗ್ತೈತಿ, ಸಿಗ್ನಲ್‌ನ್ಯಾಗ ನಿಂತಾಗ ಒಮ್ಮೊಮ್ಮೆ ಬಂದ್ ಬೀಳ್ತೈತಿ. ಅಂಗಡ್ಯಾಗ ನಾಕೈದು ನಮೂನಿ ಬಾಟ್ಲಿ ತೋರಿಸ್ತಾರ. ಯಾವುದು ಹಾಕಬೇಕ್ರಿ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಬಾಟಲಿಗೆ ದುಡ್ಡು ಕೊಡುವ ಮುಂಚೆ ಕಾಯಿಲೆ ಇಂಜೆಕ್ಟರಿನದೇ ಹೌದೋ ಅಲ್ಲವೋ ನೋಡಿಕೊಳ್ಳಿ. ನೀವು ಬರೆದ ಲಕ್ಷಣಗಳು ಮಸಿ ಕಟ್ಟಿದ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು), ಸವೆದ ಪ್ಲಗ್, ಸೋತ ಕಾಯಿಲ್ (ಪ್ಲಗ್ಗಿಗೆ ಕರೆಂಟು ಕೊಡುವ ಭಾಗ), ಗಾಳಿ ಎಳೆಯುವ ರಬ್ಬರ್ ಪೈಪು, ಇವುಗಳಿಂದಲೂ ಬರುತ್ತವೆ. ಇವ್ಯಾವುದಕ್ಕೂ ಟಾಕಿಗೆ ಹಾಕುವ ಬಾಟಲಿ ಮದ್ದಲ್ಲ.

ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ಕಡೆಯ ಧೂಳಿಗೆ ಅದು ಕೈಪಿಡಿ ಹೇಳಿದ್ದಕ್ಕಿಂತ ಮುಂಚೆಯೇ ತುಂಬುತ್ತದೆ. ಆಮೇಲೆ ಥ್ರಾಟಲ್ ಬಾಡಿ. ಅಲ್ಲಿಂದ ಹಾಯುವುದು ಗಾಳಿ ಮಾತ್ರ, ಪೆಟ್ರೋಲು ಅಲ್ಲಿಗೆ ಬರುವುದೇ ಇಲ್ಲ. ಹೀಗಾಗಿ ಟಾಕಿಗೆ ಏನು ಸುರಿದರೂ ಅಲ್ಲಿನ ಮಸಿ ಹೋಗದು. ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹೊಡೆದುಕೊಂಡು ತಟ್ಟೆಯ ಅಂಚನ್ನು ಒರೆಸಬೇಕು. ಕೀ ಆನ್ ಇರುವಾಗ ಬೆರಳಿನಿಂದ ತಟ್ಟೆ ಒತ್ತಬೇಡಿ, ಒಳಗಿನ ಮೋಟರಿನ ಹಲ್ಲು ಮುರಿದರೆ ಪೂರ್ತಿ ಜೋಡಣೆಯೇ ಹೊಸದು ಬೇಕಾದೀತು. ಅದೇ ಸ್ಪ್ರೇಯನ್ನು ಏರ್‌ಫ್ಲೋ ಸೆನ್ಸರಿಗೆ ಹೊಡೆದು ಕೆಡಿಸಿಕೊಂಡವರೂ ಇದ್ದಾರೆ.

ಕಾಯಿಲ್ ಪರೀಕ್ಷೆಗೆ ಹತ್ತು ನಿಮಿಷ ಸಾಕು. ನಿಮ್ಮ ಗಾಡಿಯಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇದೆ. ಗ್ಯಾರೇಜಿನ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0301 ಎಂಬ ಕೋಡ್ ಬಂದಿದ್ದರೆ 1ನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. 1 ಮತ್ತು 2ರ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ. ಕೋಡ್ ಪಿ0302 ಆದರೆ ಕಾಯಿಲ್ ಕೆಟ್ಟಿದೆ. ಪಿ0301 ಆಗಿಯೇ ಉಳಿದರೆ ಪ್ಲಗ್ಗನ್ನೂ ಹಾಗೆಯೇ ಬದಲಿಸಿ ನೋಡಿ. ಅದೂ ಸರಿಯಿದ್ದರೆ ಆಗ ಇಂಜೆಕ್ಟರಿನ ಮೇಲೆ ಸಂಶಯ ಪಡಬಹುದು.

ಸ್ಕ್ಯಾನರಿನಲ್ಲಿ ಇನ್ನೊಂದು ಅಂಕಿ ನೋಡಿ: ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಎಂಜಿನ್ನಿನ ಕಂಪ್ಯೂಟರು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ. ಐದಾರು ಶೇಕಡಾ ಆಚೀಚೆ ಇದ್ದರೆ ಚಿಂತೆಯಿಲ್ಲ. +10 ದಾಟಿದರೆ ಕಂಪ್ಯೂಟರು ಪೆಟ್ರೋಲು ಸಾಲದೆಂದು ಹೆಚ್ಚಿಗೆ ಕೊಡುತ್ತಿದೆ. ನಿಂತಲ್ಲಿ +12 ಇದ್ದು 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಗಾಡಿಯ ಮೇಲೆ ಭಾರ ಬಿದ್ದಂತೆ ಅಂಕಿ ಏರಿದರೆ ಪೆಟ್ರೋಲಿನ ದಾರಿಯಲ್ಲೇ ಅಡ್ಡಿ ಇದೆ: ಫಿಲ್ಟರ್, ಪಂಪ್ ಅಥವಾ ಇಂಜೆಕ್ಟರ್.

ಇಂಜೆಕ್ಟರಿಗೆ ಅಂಟು ಕೂಡುವುದು ಗಾಡಿ ಓಡುವಾಗ ಅಲ್ಲ, ನಿಂತ ಮೇಲೆ. ಎಂಜಿನ್ ಬಂದ್ ಆದೊಡನೆ ಕೂಲಂಟ್ ಸುತ್ತುವುದು ನಿಲ್ಲುತ್ತದೆ, ಹತ್ತು-ಹದಿನೈದು ನಿಮಿಷ ಇಂಜೆಕ್ಟರಿನ ತುದಿಯ ಬಿಸಿ ಇನ್ನೂ ಏರುತ್ತದೆ. ತುದಿಯಲ್ಲಿ ಉಳಿದ ಪೆಟ್ರೋಲಿನ ಹನಿ ಆರಿ, ಬಾಣಲೆಯ ಅಂಚಿನಲ್ಲಿ ಕರಿದ ಎಣ್ಣೆ ಗಟ್ಟಿಯಾದಂತೆ ಕಂದು ಅಂಟಾಗುತ್ತದೆ. ಮನೆಯಿಂದ ಶಾಲೆ, ಶಾಲೆಯಿಂದ ದುರ್ಗದ ಬೈಲು, ಅಲ್ಲಿಂದ ಮನೆ ಎಂದು ದಿನಕ್ಕೆ ಐದು ಸಲ ಬಂದ್ ಮಾಡುವ ಗಾಡಿಗೆ ಇದು ಬೇಗ ಬರುತ್ತದೆ. ದಿನಾ ಗದಗಿಗೆ ಹೋಗಿಬರುವ ಗಾಡಿಗೆ ನಿಧಾನ. ನಾಲ್ಕರಲ್ಲಿ ಒಂದೇ ಇಂಜೆಕ್ಟರ್ ಕಟ್ಟಿದರೆ ನಡುಕ ಹೆಚ್ಚು. ಆಕ್ಸಿಜನ್ ಸೆನ್ಸರು ನಾಲ್ಕೂ ಸಿಲಿಂಡರಿನ ಹೊಗೆ ಬೆರೆತ ಮೇಲೆ ಅಳೆಯುತ್ತದೆ. ಒಂದಕ್ಕೆ ಕಡಿಮೆಯಾದರೂ ಕಂಪ್ಯೂಟರು ನಾಲ್ಕಕ್ಕೂ ಹೆಚ್ಚಿಸುತ್ತದೆ. ಮೂರು ಉಂಡು ತೇಗುತ್ತವೆ, ಒಂದು ಹಸಿದೇ ಇರುತ್ತದೆ.

ಇನ್ನು ಬಾಟಲಿ. ಮುಂದಿನ ಬಣ್ಣದ ಅಕ್ಷರ ಬಿಟ್ಟು, ಕಂಪನಿಯ ಹೆಸರಿನ ಜೊತೆ ‘ಎಸ್‌ಡಿಎಸ್’ ಎಂದು ಸೇರಿಸಿ ಮೊಬೈಲಿನಲ್ಲಿ ಹುಡುಕಿ. ಅದು ಸುರಕ್ಷತಾ ಮಾಹಿತಿ ಪತ್ರ, ಅದರ 3ನೇ ಭಾಗದಲ್ಲಿ ಒಳಗಿನ ಸಾಮಾನಿನ ಪಟ್ಟಿ ಇರುತ್ತದೆ. ಹುಡುಕಬೇಕಾದ ಹೆಸರು ಪಾಲಿಈಥರ್ ಅಮೀನ್, ಚುಟುಕಾಗಿ ಪಿಇಎ. ಕೆಲವರು ಪಾಲಿಆಕ್ಸಿಆಲ್ಕಿಲೀನ್ ಅಮೀನ್ ಎಂದೂ ಬರೆಯುತ್ತಾರೆ. ಇದರ ಗುಣವೆಂದರೆ ದಹನ ಕೋಣೆಯ ಬಿಸಿಯನ್ನೂ ತಾಳಿಕೊಂಡು ಕಟ್ಟಿದ ಮಸಿಯನ್ನು ಕರಗಿಸುತ್ತದೆ, ಉರಿದ ಮೇಲೆ ತಾನು ಶೇಷ ಬಿಡುವುದು ಕಡಿಮೆ. ಇದರ ದಾಯಾದಿ ಪಾಲಿಐಸೊಬ್ಯುಟಿಲೀನ್ ಅಮೀನ್, ಪಿಐಬಿಎ. ಇದು ಇಂಜೆಕ್ಟರ್ ಮತ್ತು ವಾಲ್ವನ್ನು ಚೊಕ್ಕ ಇಡುತ್ತದೆ, ಆದರೆ ಹಳೆಯ ಮಸಿ ಬಿಡಿಸುವುದರಲ್ಲಿ ಹಿಂದೆ, ಹೆಚ್ಚಾದರೆ ದಹನ ಕೋಣೆಯಲ್ಲಿ ತಾನೇ ಒಂದಿಷ್ಟು ಮಸಿ ಸೇರಿಸುತ್ತದೆ. ಪಟ್ಟಿಯಲ್ಲಿ ‘ಡಿಸ್ಟಿಲೇಟ್ಸ್, ಹೈಡ್ರೋಟ್ರೀಟೆಡ್ ಲೈಟ್’ ಎಂದು ಶೇ. 90ರ ಮೇಲೆ ಇದ್ದು ಅಮೀನಿನ ಹೆಸರೇ ಇಲ್ಲದಿದ್ದರೆ, ನೀವು ಕೊಳ್ಳುತ್ತಿರುವುದು ಸೋಸಿದ ಸೀಮೆಎಣ್ಣೆಯ ಬಳಗದ್ದು.

ಅಂಗಡಿಯವರು ಬಾಟಲಿಯ ಬೆಲೆ ಹೋಲಿಸಿ ತೋರಿಸುತ್ತಾರೆ. ನೀವು ಪಿಇಎ ಹೋಲಿಸಿ. 300 ಮಿ.ಲೀ. ಬಾಟಲಿಯಲ್ಲಿ ಶೇ. 30 ಇದ್ದರೆ 90 ಮಿ.ಲೀ. ಕೆಲಸದ ಮಾಲು ಸಿಕ್ಕಿತು. 500 ಮಿ.ಲೀ. ದೊಡ್ಡ ಡಬ್ಬಿಯಲ್ಲಿ ಶೇ. 5 ಇದ್ದರೆ ಬರೀ 25 ಮಿ.ಲೀ. ಸಣ್ಣ ಬಾಟಲಿ ತುಟ್ಟಿ ಅನ್ನಿಸಿದರೂ ಅದೇ ಅಗ್ಗ.

ಹಾಕುವ ಕ್ರಮ: ನಿಮ್ಮ ಟಾಕಿ 37 ಲೀಟರಿನದು. ಕಾಲು ಟಾಕಿ ಉಳಿದಾಗ ಪಂಪಿನಲ್ಲೇ ಬಾಟಲಿ ಸುರಿದು, ಅದರ ಮೇಲೆ ಪೆಟ್ರೋಲು ಭರ್ತಿ ಮಾಡಿಸಿ. ಬೀಳುವ ಪೆಟ್ರೋಲೇ ಅದನ್ನು ಕಲಕುತ್ತದೆ. ಅರ್ಧ ಟಾಕಿಗೆ ಇಡೀ ಬಾಟಲಿ ಬೇಡ, ಎರಡು ಬಾಟಲಿ ಒಟ್ಟಿಗೆ ಸುತರಾಂ ಬೇಡ. ಬಣ್ಣದ ಮೇಲೆ ಹನಿ ಬಿದ್ದರೆ ತಕ್ಷಣ ಒರೆಸಿ. ಆ ಟಾಕಿಯ ಬಹುಪಾಲು ಹೆದ್ದಾರಿಯಲ್ಲಿ ಮುಗಿಯಲಿ: ಗದಗಿಗೋ ಹಾವೇರಿಗೋ ಹೋಗಿ ಬನ್ನಿ, ನಡುವೆ ಅರ್ಧ ತಾಸಾದರೂ 2,500–3,000 ಆರ್‌ಪಿಎಂ ಇರಲಿ. ಕಾಲು ಟಾಕಿಗಿಂತ ಕೆಳಗೆ ಇಳಿಸಬೇಡಿ. ಒಳಗಿನ ಪಂಪು ತಂಪಾಗುವುದು ಸುತ್ತಲಿನ ಪೆಟ್ರೋಲಿನಿಂದಲೇ. ಎಂಜಿನ್ ಆಯಿಲ್ ಬದಲಿಸುವ ಸ್ವಲ್ಪ ಮುಂಚೆ ಇದನ್ನು ಮಾಡಿ. ಕ್ಲೀನರಿನ ಒಂದಿಷ್ಟು ಅಂಶ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ, ಹಳೆಯ ಆಯಿಲ್ ಜೊತೆ ಅದೂ ಹೋಗಲಿ.

ಒಂದು ಟಾಕಿಗೆ ಫರಕು ಕಂಡರೆ, ಮುಂದಿನ ಸಲ ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೊಮ್ಮೆ. ಎರಡು ಟಾಕಿ ಮುಗಿದರೂ ಏನೂ ಕಾಣದಿದ್ದರೆ ಮೂರನೆಯ ಬಾಟಲಿ ದಂಡ. ಇಂಜೆಕ್ಟರ್ ಬಿಚ್ಚಿಸುವ ಹೊತ್ತು ಬಂದಿದೆ.

ನಮ್ಮ ಬೊಲೆರೊ ಪಿಕಪ್ ಡೀಸೆಲ್, ಕಾಮನ್ ರೇಲ್, 1.6 ಲಕ್ಷ ಆಗೇತಿ. ಮೆಣಸಿನಕಾಯಿ ಚೀಲ ಹೇರಿದ್ರ ಏರಿನ್ಯಾಗ ಎಳೀವಲ್ದು, ಕರಿ ಹೊಗಿ. ಹೊಲದಾಗ ಬ್ಯಾರಲ್‌ನ್ಯಾಗ ಇಟ್ಟ ಡೀಸೆಲ್ಲೂ ಹಾಕ್ತೀವಿ. ತಮ್ಮನ ಪೆಟ್ರೋಲ್ ಕಾರಿಗೆ ತಂದ ಕ್ಲೀನರ್ ಐತಿ, ಅದನ್ನ ಹಾಕಬೌದೇನ್ರಿ?
— ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಹಾಕಬೇಡಿ. ಪೆಟ್ರೋಲಿನದು ಪೆಟ್ರೋಲಿಗೆ, ಡೀಸೆಲ್ಲಿನದು ಡೀಸೆಲ್ಲಿಗೆ. ನಿಮ್ಮ ಪಂಪಿಗೂ ಇಂಜೆಕ್ಟರಿಗೂ ಜಿಡ್ಡು ಸಿಗುವುದು ಡೀಸೆಲ್ಲಿನಿಂದಲೇ. ಪೆಟ್ರೋಲಿಗೆಂದು ಮಾಡಿದ ದ್ರಾವಕಕ್ಕೆ ಆ ಜಿಡ್ಡಿನ ಲೆಕ್ಕವಿರುವುದಿಲ್ಲ. ಸೀಮೆಎಣ್ಣೆ ಬೆರೆಸಿದಾಗ ಪಂಪು ಬೇಗ ಸವೆಯುವುದೂ ಇದೇ ಕಾರಣಕ್ಕೆ.

ನಮ್ಮ ಸಂಶಯ ನಿಮ್ಮ ಬ್ಯಾರಲ್ಲಿನ ಮೇಲೆ. ಹಗಲು ಕಾದು ರಾತ್ರಿ ಆರುವ ಬ್ಯಾರಲ್ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ತಗಡಿನ ಒಳಮೈಗೆ ನೀರು ಬೆವರುತ್ತದೆ, ತಳಕ್ಕಿಳಿಯುತ್ತದೆ. ನೀರು-ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕರಿ ಲೋಳೆಯಾಗುತ್ತದೆ. ಅದು ಫಿಲ್ಟರಿಗೆ ಬಂದು ಮೆತ್ತಿಕೊಂಡರೆ ಭಾರಕ್ಕೆ ತಕ್ಕ ಡೀಸೆಲ್ ಸಾಗುವುದಿಲ್ಲ.

ಮೊದಲು ಫಿಲ್ಟರಿನ ನೀರು ಬಿಡಿ. ಗಾಡಿ ಬಂದ್ ಮಾಡಿ, ಫಿಲ್ಟರಿನ ಕೆಳಗೆ ಪಾರದರ್ಶಕ ಬಾಟಲಿ ಹಿಡಿದು, ತಳದ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ. ನೂರು-ಇನ್ನೂರು ಮಿ.ಲೀ. ಬರಲಿ, ಶುದ್ಧ ಡೀಸೆಲ್ ಕಂಡ ಮೇಲೆ ಬಿಗಿ ಮಾಡಿ, ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ. ಬಾಟಲಿಯನ್ನು ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ನೀರಿನ ಗೆರೆಯೋ ಕರಿ ಪದರವೋ ಕಂಡರೆ ಟಾಕಿಯನ್ನೂ ತೊಳೆಸಬೇಕು. ಹಾಗೆಯೇ ಕ್ಲೀನರ್ ಸುರಿದರೆ ಗೋಡೆಗೆ ಹತ್ತಿದ ಲೋಳೆಯೆಲ್ಲ ಒಮ್ಮೆಲೇ ಕಿತ್ತು ಬಂದು ಫಿಲ್ಟರ್ ಕಟ್ಟುತ್ತದೆ, ಗಾಡಿ ಎಲ್ಲೋ ಬೈಪಾಸಿನಲ್ಲಿ ನಿಲ್ಲುತ್ತದೆ. ಹೊಸ ಫಿಲ್ಟರ್ ಹಾಕಿಸಿ ಶುರು ಮಾಡಿ, ಬಿಡಿ ಫಿಲ್ಟರ್ ಒಂದನ್ನು ಗಾಡಿಯಲ್ಲೇ ಇಟ್ಟುಕೊಂಡಿರಿ.

ಕರಿ ಹೊಗೆಯೆಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ ಎಂದೂ ಅರ್ಥ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಅಡಿಭಾಗ ಕೈಯಾಡಿಸಿ ನೋಡಿ, ಎಣ್ಣೆ ಜಿನುಗಿದ ಜಾಗದಲ್ಲಿ ಸೀಳು ಸಿಗುತ್ತದೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಇದೇ ಹೊಗೆ.

ಇವೆಲ್ಲ ಸರಿಯಿದ್ದರೆ ಮಿಸ್ತ್ರಿಗೆ ‘ಲೀಕ್-ಆಫ್’ ಪರೀಕ್ಷೆ ಮಾಡೆನ್ನಿ. ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಐಡಲಿಂಗ್‌ನಲ್ಲಿ ಬಿಡುತ್ತಾರೆ. ಒಂದು ಬಾಟಲಿ ಉಳಿದವುಗಳಿಗಿಂತ ದುಪ್ಪಟ್ಟು ತುಂಬಿತೆಂದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ಸವೆದ ಲೋಹವನ್ನು ಯಾವ ದ್ರವವೂ ಮತ್ತೆ ತುಂಬಿಕೊಡದು. ಬದಲಿಸಿದರೆ ಹೊಸ ಇಂಜೆಕ್ಟರಿನ ಮೇಲಿನ ಕೋಡನ್ನು ಕಂಪ್ಯೂಟರಿಗೆ ಕೊಡಿಸಿ, ಬಹಳ ಕಡೆ ಇದನ್ನು ಬಿಟ್ಟುಬಿಡುತ್ತಾರೆ. ಎಂಜಿನ್ ಓಡುವಾಗ ಮೇಲಿನ ಹೈ-ಪ್ರೆಷರ್ ಪೈಪಿಗೆ ಪಾನಾ ಹಚ್ಚಲು ಯಾರನ್ನೂ ಬಿಡಬೇಡಿ. ಸಾವಿರ ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ ಎಳೆ ಚರ್ಮದೊಳಗೆ ಹೊಕ್ಕರೆ ಕೈಯೇ ಹೋದೀತು.

ಬಿಎಸ್6 ಗಾಡಿಯಾಗಿದ್ದರೆ ಡೀಸೆಲ್ ಕ್ಲೀನರಿನ ಮೇಲೆ ‘ಡಿಪಿಎಫ್‌ಗೆ ಸುರಕ್ಷಿತ’ ಎಂದಿರಲೇಬೇಕು. ಡಿಪಿಎಫ್ ಎಂದರೆ ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಲೋಹದ ಅಂಶವಿರುವ ಬಾಟಲಿಯ ಬೂದಿ ಆ ಫಿಲ್ಟರಿನಲ್ಲಿ ಕೂತರೆ ಸುಟ್ಟು ಹೋಗುವುದಿಲ್ಲ.

ನನ್ನದು ಟರ್ಬೊ ಜಿಡಿಐ ಪೆಟ್ರೋಲ್ ಕಾರು. ಪ್ರತಿ ಸರ್ವಿಸಿಗೂ ‘ವಾಲ್ವ್ ಕ್ಲೀನ್ ಆಗುತ್ತದೆ’ ಎಂದು ಟ್ಯಾಂಕಿಗೆ ಒಂದು ಬಾಟಲಿ ಹಾಕಿ ಬಿಲ್ ಮಾಡುತ್ತಾರೆ. ಬೇಕೆ?
— ಓದುಗರು, ಸಪ್ತಾಪುರ, ಧಾರವಾಡ

ವಾಲ್ವಿಗೆಂದರೆ ಬೇಡ. ನಿಮ್ಮ ಎಂಜಿನ್ನಿನಲ್ಲಿ ಪೆಟ್ರೋಲು ನೇರ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಇನ್‌ಟೇಕ್ ವಾಲ್ವಿನ ಬೆನ್ನಿಗೆ ಅದು ತಾಗುವುದೇ ಇಲ್ಲ. ಅಲ್ಲಿ ಕೂಡುವ ಮಸಿ ಎಂಜಿನ್ ಆಯಿಲ್ಲಿನ ಆವಿಯದು. ಅದನ್ನು ತೆಗೆಯಲು ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆಯುತ್ತಾರೆ. ಇಂಜೆಕ್ಟರಿನ ತುದಿಗೆಂದರೆ ಮಾತು ಬೇರೆ. ಅದು ಬೆಂಕಿಯ ಬಾಯಲ್ಲೇ ಕೂತಿರುವುದರಿಂದ ವರ್ಷಕ್ಕೊಮ್ಮೆ ಪಿಇಎ ಇರುವ ಬಾಟಲಿ ಸಾರ್ಥಕ. ನೀವೇ ಕೊಂಡು ಹಾಕಿ, ಬಿಲ್ಲಿನಲ್ಲಿ ಆ ಸಾಲು ಹೊಡೆಸಿ.

ಮಗನ 2017ರ ಪೆಟ್ರೋಲ್ ಕಾರು ಜೂನ್‌ದಿಂದ ನಮ್ಮ ಅಂಗಳದಾಗ ನಿಂತಿತ್ತು, ಕಾಲು ಟಾಕಿ ಪೆಟ್ರೋಲ್ ಇತ್ತು. ದಸರಾಕ್ಕ ಚಾಲೂ ಮಾಡಿದ್ರ ಕೆಮ್ಮಿ ಬಂದ್ ಆತು. ಎಥನಾಲ್ ದೋಷ ತೆಗಿಯೂ ಬಾಟ್ಲಿ ಐತಿ ಅಂತಾರ. ನಿಲ್ಸೂಕಿಂತ ಮೊದ್ಲ ಆವರೇಜ್ ಸೈತ 18ರಿಂದ 17ಕ್ಕ ಇಳಿದಿತ್ತು.
— ಓದುಗರು, ಬೆಟಗೇರಿ, ಗದಗ

ಬಾಟಲಿ ತರಬೇಡಿ, ಮೊದಲು ಟಾಕಿಯ ಪೆಟ್ರೋಲು ನೋಡಿ. ಈಗ ಪಂಪಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಇ20. ಎಥನಾಲಿಗೆ ನೀರೆಂದರೆ ಪ್ರೀತಿ. ಒಂದು ಮಿತಿಯವರೆಗೆ ನೀರನ್ನು ತನ್ನಲ್ಲಿ ಅಡಗಿಸಿಕೊಳ್ಳುತ್ತದೆ. ಮಿತಿ ಮೀರಿದೊಡನೆ, ಅದರಲ್ಲೂ ರಾತ್ರಿ ತಂಪಾದಾಗ, ನೀರನ್ನು ಕಟ್ಟಿಕೊಂಡು ಪೆಟ್ರೋಲಿನಿಂದ ಬಿಟ್ಟು ತಳಕ್ಕಿಳಿಯುತ್ತದೆ. ಪಂಪು ಎಳೆಯುವುದೂ ತಳದಿಂದಲೇ. ಅಂಗಳದಲ್ಲಿ ಮಳೆಗಾಲವಿಡೀ ನಿಂತ ಗಾಡಿಗೆ ನೀರು ಬಂದಿರಬಹುದಾದ ದಾರಿ ಟಾಕಿಯ ಮುಚ್ಚಳದ ರಬ್ಬರು. ಒಣಗಿ ಬಿರುಕು ಬಿಟ್ಟಿದೆಯೇ ನೋಡಿ.

ಮಿಸ್ತ್ರಿಯಿಂದ ಫ್ಯೂಯಲ್ ಲೈನ್ ಬಿಚ್ಚಿಸಿ ಕಾಲು ಲೀಟರು ಗಾಜಿನ ಭರಣಿಗೆ ತೆಗೆಸಿ, ಬೆಂಕಿ-ಬೀಡಿ ದೂರವಿರಲಿ. ಅರ್ಧ ತಾಸು ಬಿಟ್ಟು ಬೆಳಕಿಗೆ ಹಿಡಿಯಿರಿ. ಅಡ್ಡಗೆರೆ ಕಂಡರೆ, ಅಥವಾ ಇಡೀ ಭರಣಿ ಮಬ್ಬಾಗಿದ್ದರೆ, ಪೂರ್ತಿ ಟಾಕಿ ಖಾಲಿ ಮಾಡಿಸಬೇಕು. ನೀರು ಹೀರುವ ಬಾಟಲಿಗಳು ಕೆಲವು ಚಮಚ ನೀರಿಗೆ ನಡೆದಾವು, ಬೇರ್ಪಟ್ಟ ಪದರವನ್ನು ಮತ್ತೆ ಕೂಡಿಸಲಾರವು. ಗೆರೆ ಇಲ್ಲದೆ ಬಣ್ಣದಂಗಡಿಯ ವಾರ್ನಿಶ್ ವಾಸನೆ ಬಂದರೆ ಪೆಟ್ರೋಲು ಹಳಸಿದೆ. ಆಗಲೂ ಅದನ್ನು ತೆಗೆಸುವುದೇ ಮದ್ದು. ಹೊಸ ಪೆಟ್ರೋಲು ಹತ್ತು ಲೀಟರು ಹಾಕಿ, ಕೀಯನ್ನು ಆನ್ ಮಾಡಿ ಮೂರು ಸೆಕೆಂಡು ಬಿಟ್ಟು ಆಫ್ ಮಾಡಿ. ಹೀಗೆ ನಾಲ್ಕು ಸಲ ಆದ ಮೇಲೆ ಸ್ಟಾರ್ಟ್ ಮಾಡಿ. ಗಾಡಿ ಓಡತೊಡಗಿದ ಮೇಲೆ ಬೇಕಾದರೆ ಒಂದು ಪಿಇಎ ಬಾಟಲಿ ಹಾಕಬಹುದು.

ಆವರೇಜಿನ ಮಾತು: ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಲೆಕ್ಕ ಹಾಕಿದರೆ ಇ10ರಿಂದ ಇ20ಕ್ಕೆ ಬಂದಾಗ ಶೇ. 3–4 ಇಳಿಯಬೇಕು, 18 ಇದ್ದದ್ದು 17.4ರ ಹತ್ತಿರ. ಇಷ್ಟನ್ನು ಯಾವ ಬಾಟಲಿಯೂ ವಾಪಸು ತರದು. ಉಳಿದದ್ದಕ್ಕೆ ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿ. ಗಾಡಿ 2023ಕ್ಕಿಂತ ಹಿಂದಿನದಾದ್ದರಿಂದ ಫ್ಯೂಯಲ್ ಪೈಪಿನ ರಬ್ಬರು, ಇಂಜೆಕ್ಟರಿನ ಓ-ರಿಂಗು ಉಬ್ಬಿವೆಯೇ, ಜಿನುಗುತ್ತವೆಯೇ ಎಂದು ಪ್ರತಿ ಸರ್ವಿಸಿನಲ್ಲಿ ನೋಡಿಸಿ. ರಬ್ಬರನ್ನು ಕಾಯುತ್ತೇವೆ ಎನ್ನುವ ಬಾಟಲಿಯ ಬದಲು ಆ ದುಡ್ಡಿಗೆ ಹೊಸ ಪೈಪು ಹಾಕಿಸುವುದು ಮೇಲು.

ಗ್ಯಾರೇಜಿನಲ್ಲಿ ‘ಇಂಜೆಕ್ಟರ್ ಕ್ಲೀನಿಂಗ್’ ಅಂತ ದೊಡ್ಡ ಮೊತ್ತ ಹೇಳಿದರು. ಬಾಟಲಿಗೂ ಅದಕ್ಕೂ ಏನು ಫರಕು?
— ಓದುಗರು, ರಾಣೆಬೆನ್ನೂರು

ಆ ಹೆಸರಿನಲ್ಲಿ ಎರಡು ಬೇರೆ ಕೆಲಸಗಳಿವೆ, ಯಾವುದೆಂದು ಕೇಳಿ. ಒಂದು, ಟಾಕಿಯ ಪಂಪು ಬಂದ್ ಮಾಡಿ, ಡಬ್ಬಿಯ ದ್ರಾವಕವನ್ನು ನೇರ ಫ್ಯೂಯಲ್ ರೇಲಿಗೆ ಕೊಟ್ಟು ಅದರ ಮೇಲೆಯೇ ಎಂಜಿನ್ ಓಡಿಸುವುದು. ಬಾಟಲಿಗಿಂತ ಗಾಢ, ಆದರೆ ಎಷ್ಟು ಚೊಕ್ಕವಾಯಿತೆಂದು ಕಣ್ಣಿಗೆ ಕಾಣದು. ಇನ್ನೊಂದು, ಇಂಜೆಕ್ಟರ್ ಬಿಚ್ಚಿ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿಟ್ಟು, ಮುಂಚೆ ಮತ್ತು ಆಮೇಲೆ ಗಾಜಿನ ಕೊಳವೆಗಳಲ್ಲಿ ಅಳೆಯುವುದು. ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ. ಎದುರಿಗೆ ನಿಂತು ನೋಡಿ: ನಾಲ್ಕೂ ಕೊಳವೆಯ ಮಟ್ಟ ಹೆಚ್ಚುಕಡಿಮೆ ಒಂದೇ ಗೆರೆಗೆ ಬರಬೇಕು, ಸಿಂಪಡಿಕೆ ಮಂಜಿನಂತೆ ಹರಡಬೇಕು, ನಲ್ಲಿಯಂತೆ ಧಾರೆ ಬೀಳಬಾರದು, ಬಂದ್ ಮಾಡಿ ಒತ್ತಡ ಕೊಟ್ಟಾಗ ತುದಿಯಲ್ಲಿ ಹನಿ ಕಟ್ಟಬಾರದು. ಜೋಡಿಸುವಾಗ ಹಳೆಯ ಓ-ರಿಂಗನ್ನೇ ತುರುಕಲು ಬಿಡಬೇಡಿ. ಹೊಸದಕ್ಕೆ ತೆಳುವಾಗಿ ಎಂಜಿನ್ ಆಯಿಲ್ ಸವರಿ ಕೂರಿಸಬೇಕು. ಒಣಗಿದ್ದನ್ನು ಒತ್ತಿದರೆ ಕತ್ತರಿಸಿ, ಬಿಸಿ ಎಂಜಿನ್ ಮೇಲೆ ಪೆಟ್ರೋಲು ಜಿನುಗೀತು.

ಸ್ಕೂಟಿಗೂ ಇದನ್ನ ಹಾಕಬೌದೇನ್ರಿ? ನಮ್ಮ ಓಣ್ಯಾಗ ಕೆಲವರು ಡಾಂಬರ ಗುಳಿಗಿ ಹಾಕ್ತಾರ, ಆವರೇಜ್ ಬರ್ತೈತಿ ಅಂತಾರ.
— ಓದುಗರು, ಕುಂದಗೋಳ

ಹಾಕಬಹುದು, ಅಳತೆ ಮಾಡಿ. ಬಾಟಲಿಯ ಮೇಲೆ ‘300 ಮಿ.ಲೀ.ಗೆ 60 ಲೀಟರು’ ಎಂದಿದ್ದರೆ ಲೀಟರಿಗೆ 5 ಮಿ.ಲೀ. ಆಯಿತು. ಐದು ಲೀಟರಿನ ಸ್ಕೂಟಿಗೆ 25 ಮಿ.ಲೀ. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಹಾಕಿ. ಉಳಿದದ್ದನ್ನು ಮುಚ್ಚಳ ಬಿಗಿದು ಮಕ್ಕಳ ಕೈಗೆ ಸಿಗದಂತೆ ಇಡಿ.

ಡಾಂಬರ ಗುಳಿಗೆ ಬೇಡವೇ ಬೇಡ. ಅದು ನ್ಯಾಫ್ತಲೀನ್, ಇಲ್ಲವೇ ಅದಕ್ಕಿಂತ ಕೆಟ್ಟ ಡೈಕ್ಲೋರೊಬೆಂಜೀನ್. ಮೊದಲನೆಯದು ಪೆಟ್ರೋಲು ಆವಿಯಾದ ಕಡೆಯಲ್ಲೆಲ್ಲ ಹರಳಾಗಿ ಮತ್ತೆ ಕೂಡುತ್ತದೆ, ಕಾರ್ಬುರೇಟರಿನ ಜೆಟ್ಟಿನ ತೂತು ಅದಕ್ಕೆ ಹೇಳಿಮಾಡಿಸಿದ ಜಾಗ. ಎರಡನೆಯದು ಉರಿದಾಗ ಆಮ್ಲ ಹುಟ್ಟಿ ಸೈಲೆನ್ಸರಿನ ಒಳಮೈ ತಿನ್ನುತ್ತದೆ. ಹಾಕಿ ಆಗಿದ್ದರೆ ಟಾಕಿ ಖಾಲಿ ಮಾಡಿಸಿ, ಕಾರ್ಬುರೇಟರ್ ಬಿಚ್ಚಿಸಿ, ಜೆಟ್ಟನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿಸಿ. ತಂತಿ ಚುಚ್ಚಿ ತೂತು ದೊಡ್ಡದು ಮಾಡಿಸಿಕೊಳ್ಳಬೇಡಿ, ಆಮೇಲೆ ಇದ್ದ ಆವರೇಜೂ ಹೋಗುತ್ತದೆ.